ನಮ್ಮ ಮನೆಯ ಗುಡಿಕೈಗಾರಿಕೆ ಸಪ್ತಾಹ

ಮಿಶಿಗನ್ನಿನ ಸುಮಾರು ಶಾಲೆಗಳಲ್ಲಿ ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ಸುತ್ತ ಚಳಿಗಾಲದ ನಡುವಿನ ರಜೆ ಅಂತ ಒಂದನ್ನು ಕೊಡುತ್ತಾರೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದಕ್ಕೂ ನಮ್ಮ ಮಕ್ಕಳು ವಾರಪೂರ್ತಿ ಮನೆಯಲ್ಲಿ ಕೂತು "ಬೋರಾಗ್ತಿದೆ" ಅನ್ನುವುದಕ್ಕೂ ಏನು ಸಂಬಂಧವೋ ಯಾರಿಗೂ ಗೊತ್ತಿಲ್ಲ. ರಜೆ ಬಂತೆಂದರೆ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಎರಡು ಪಂಗಡಗಳಾಗುತ್ತವೆ. ಫ್ಲಾರಿಡಾಕ್ಕೆ ಹೋಗಿ ಸಮುದ್ರದ ಫೋಟೋ ಹಾಕುವವರು ಒಂದು ಕಡೆ, ಆ ಫೋಟೋಗಳಿಗೆ ಹೆಬ್ಬೆರಳು ಎತ್ತಿ ತೋರಿಸುವವರು ಇನ್ನೊಂದು ಕಡೆ. ನಾವು ಹೆಬ್ಬೆಟ್ಟಿನ ಪಂಗಡ. ನಮ್ಮವರ ಕಂಪನಿಯಲ್ಲಿ ವರ್ಷಪೂರ್ತಿ ಯಾವುದೋ ಒಂದು ಕಾರಿಗೆ ಹೆರಿಗೆ ನೋವು ಬಂದಿರುತ್ತದೆ, ಇವರು ಬಾಗಿಲ ಬಳಿ ಕಾಯುತ್ತಿರಬೇಕು.

ಹೀಗಾಗಿ ರಜೆಯ ವಾರವನ್ನು ನೆಲಮಾಳಿಗೆಯಲ್ಲಿ ಕಳೆಯುವುದೆಂದು ತೀರ್ಮಾನವಾಯಿತು. ಅದಕ್ಕೆ ಬೇಕಾದ ಸರಕು ಅಲ್ಲಿ ಧಾರಾಳವಾಗಿತ್ತು. ಜೋಆನ್ ಅಂತ ಒಂದು ಬಟ್ಟೆ, ನೂಲು, ಗುಂಡಿ, ಗೋಂದಿನ ಅಂಗಡಿ ಇತ್ತು. 1943ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾಗಿ ದೇಶದ ತುಂಬ ಹರಡಿ, ಹೊಲಿಯುವ ಅಮೆರಿಕನ್ ಅಜ್ಜಿಯರನ್ನೆಲ್ಲ ಸಾಕಿ, 2025ರಲ್ಲಿ ದಿವಾಳಿಯೆದ್ದು ಊರೂರಲ್ಲಿ ಬಾಗಿಲು ಹಾಕಿಕೊಂಡಿತು. ಅಷ್ಟು ಹಳೆಯ ಅಂಗಡಿ ಮುಚ್ಚುತ್ತದೆ ಎಂದು ಕೇಳಿ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಗಾಜಿನ ಮೇಲೆ ದೊಡ್ಡ ಅಕ್ಷರದ ರಿಯಾಯಿತಿಯ ಹಲಗೆ ಕಂಡು ಅದೇ ಕಣ್ಣಲ್ಲಿ ಬೆಳಕು ಮೂಡಿದ್ದೂ ನಿಜ. ನಾನು ಕ್ರೋಶಾ ಹಾಕುವುದಿಲ್ಲ, ಆದರೆ ಕ್ರೋಶಾ ಕಡ್ಡಿಗಳ ಪೂರ್ತಿ ಸೆಟ್ಟು ನನ್ನ ಹತ್ತಿರ ಇದೆ. ಉಲ್ಲನ್ ಉಂಡೆಗಳಂತೂ ಒಂದು ಕುರಿಹಿಂಡಿಗೆ ವಾಪಸು ಹೊದಿಸಲು ಸಾಕು. "ಅಂಗಡೀಲಿ ಐದು ಡಾಲರಿಗೆ ಸಿಗೋ ಟೋಪೀನ ಮನೇಲಿ ನಲವತ್ತು ಡಾಲರಿಗೆ ಮಾಡಬಹುದು ಅಂತಾಯ್ತು" ಎಂದು ನಮ್ಮವರು ಅಂದರು. ಇಂಜಿನಿಯರುಗಳಿಗೆ ಲೆಕ್ಕ ಬರುತ್ತದೆ, ಕಲೆ ಬರುವುದಿಲ್ಲ.

ಮಗಳಿಗೆ ಈಗ ಹನ್ನೆರಡು ತುಂಬಿದೆ. ಅಮೆರಿಕದ ಶಾಲೆಗಳಲ್ಲಿ ಚಿಕ್ಕ ಮಕ್ಕಳು ಓದುವುದಕ್ಕಿಂತ ಅಂಟಿಸುವುದು ಹೆಚ್ಚು. ಶಿಶುವಿಹಾರದಿಂದ ಆಕೆ ದಿನಕ್ಕೊಂದು ಕಲಾಕೃತಿ ತರುತ್ತಿದ್ದಳು. ಮ್ಯಾಕರೋನಿ ಪೋಣಿಸಿದ ಹಾರ, ಐಸ್‌ಕ್ಯಾಂಡಿ ಕಡ್ಡಿಯ ಫೋಟೋ ಚೌಕಟ್ಟು, ಪೇಪರ್ ತಟ್ಟೆಯ ಸೂರ್ಯ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಅಂಗೈಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿದ ಟರ್ಕಿ ಕೋಳಿ. ಹೆಬ್ಬೆರಳು ತಲೆ, ಉಳಿದ ನಾಲ್ಕು ಬೆರಳು ಪುಕ್ಕ. ಈರುಳ್ಳಿ ಬೆಳ್ಳುಳ್ಳಿಗೂ ಹಿಂದೆಮುಂದೆ ನೋಡುವ ಮನೆಯಲ್ಲಿ ಫ್ರಿಜ್ಜಿನ ಮೇಲೆ ಕೋಳಿ! ಆ ವರ್ಷ ಧಾರವಾಡದಿಂದ ಬಂದಿದ್ದ ಅತ್ತೆ ಅದನ್ನು ಕಂಡು, "ನವಲು ಎಷ್ಟು ಛಂದ ತಗದದವಾ ಕೂಸು" ಎಂದು ಎತ್ತಿಕೊಂಡು ಹೋಗಿ ದೇವರ ಕೋಣೆಯಲ್ಲಿ ಸುಬ್ರಹ್ಮಣ್ಯನ ಪಟದ ಪಕ್ಕ ಇಟ್ಟರು. ನಿಜ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ಊರಿಗೆ ಹೋಗುವವರೆಗೆ ಟರ್ಕಿ ಕೋಳಿಗೆ ದಿನಾ ಮಂಗಳಾರತಿ ಆಯಿತು.

ಇಷ್ಟೆಲ್ಲ ಕಲೆಯನ್ನು ಇಟ್ಟುಕೊಳ್ಳಲು ಮನೆಯೇನು ವಸ್ತುಸಂಗ್ರಹಾಲಯವೇ? ಮಗು ಮಲಗಿದ ಮೇಲೆ ಒಂದೊಂದಾಗಿ ಮರುಬಳಕೆಯ ಕಸದ ಡಬ್ಬಿಗೆ ಸಾಗಿಸುವುದು ಇಲ್ಲಿನ ಎಲ್ಲ ತಾಯಂದಿರ ಗುಪ್ತ ಕಾರ್ಯಾಚರಣೆ. ಮೇಲೆ ಸೀರಿಯಲ್ ಡಬ್ಬ ಮುಚ್ಚಬೇಕು, ಮ್ಯಾಕರೋನಿ ಇದ್ದರೆ ಸದ್ದಾಗದಂತೆ ಇಳಿಸಬೇಕು. ಒಮ್ಮೆ ಗಾಳಿಗೆ ಡಬ್ಬಿ ಉರುಳಿ, ಪೇಪರ್ ತಟ್ಟೆಯ ಸೂರ್ಯ ಬೆಳಗ್ಗೆ ಬೆಳಗ್ಗೆಯೇ ರಸ್ತೆಯಲ್ಲಿ ಉದಯಿಸಿಬಿಟ್ಟ. ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದವಳು ಬೀದಿಗೆಲ್ಲ ಕೇಳುವಂತೆ ಅತ್ತಳು. ಬಸ್ ಚಾಲಕಿ ನನ್ನತ್ತ ನೋಡಿದ ನೋಟಕ್ಕೆ ನನ್ನ ಗ್ರೀನ್ ಕಾರ್ಡೇ ರದ್ದಾಗುತ್ತದೇನೋ ಅನ್ನಿಸಿತು.

ಅಂಥವಳು ಈ ಸಲ ರಜೆಯ ಮೊದಲ ದಿನವೇ ಅಕ್ಷರದ ಮಣಿಗಳ ಡಬ್ಬಿ ಹಿಡಿದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇದಕ್ಕೆ ಮೂಲ ಟೇಲರ್ ಸ್ವಿಫ್ಟ್. ಆಕೆಯ ಎರಾಸ್ ಪ್ರವಾಸ 2023ರ ಜೂನ್ 9, 10ರಂದು ಡೆಟ್ರಾಯಿಟಿನ ಫೋರ್ಡ್ ಫೀಲ್ಡಿಗೆ ಬಂದಿತ್ತು. ಅಭಿಮಾನಿಗಳೆಲ್ಲ ಮಣಿಯಲ್ಲಿ ಅಕ್ಷರ ಪೋಣಿಸಿದ ಕೈಪಟ್ಟಿಗಳನ್ನು ಮೊಣಕೈವರೆಗೆ ಹಾಕಿಕೊಂಡು ಹೋಗಿ, ಕಂಡವರ ಜೊತೆ ಅದಲುಬದಲು ಮಾಡಿಕೊಳ್ಳುವುದು ಆ ಪ್ರವಾಸದಲ್ಲಿ ಹುಟ್ಟಿದ ಪದ್ಧತಿ. ನಮ್ಮ ಅರಿಶಿನ ಕುಂಕುಮದ ತಾಂಬೂಲ ಅದಕ್ಕಿಂತ ಹಳೆಯದು ಎಂದು ನಾನು ಹೇಳಿದ್ದನ್ನು ಮಗಳು ಕೇಳಿಸಿಕೊಳ್ಳಲಿಲ್ಲ. ಟಿಕೆಟ್ಟಿನ ಬೆಲೆ ನೋಡಿ ನಮ್ಮವರು ಆಗ ಮಣಿಯ ಡಬ್ಬಿ ತಂದುಕೊಟ್ಟಿದ್ದರು. ಸಂಗೀತ ಹೋಯಿತು, ಡಬ್ಬಿ ಉಳಿಯಿತು.

ಈ ಡಬ್ಬಿಗಳನ್ನು ತುಂಬುವವರಿಗೆ ನಮ್ಮ ಮಕ್ಕಳ ಹೆಸರುಗಳ ಅಂದಾಜಿಲ್ಲ. ಇಪ್ಪತ್ತಾರು ಅಕ್ಷರವನ್ನೂ ಹೆಚ್ಚುಕಡಿಮೆ ಸಮಸಮ ಹಾಕಿರುತ್ತಾರೆ. ನಮ್ಮ ಹುಡುಗಿಯರ ಹೆಸರಿಗೋ, ಮೊದಲಲ್ಲೊಂದು ಕೊನೆಯಲ್ಲೊಂದು, ನಡುವೆ ಉಸಿರಾಡಲು ಇನ್ನೊಂದು ಎ ಬೇಕು. ಅನನ್ಯ, ಅಮೂಲ್ಯ, ಆರಾಧ್ಯ ಎನ್ನುವಷ್ಟರಲ್ಲಿ ಎ ಖಾಲಿ. ಉಳಿದದ್ದು ಕ್ಯೂ, ಎಕ್ಸ್, ಝಡ್. ಅವುಗಳಿಂದ ಹೆಸರಾಗುವ ಗೆಳತಿಯರನ್ನು ಎಲ್ಲಿಂದ ತರುವುದು?

ಸಂಜೆಗೆ ಬಾಗಿಲು ಒಂದು ಗೇಣು ತೆರೆದು ಒಂದು ಕೈ ಹೊರಬಂತು. ನನಗೊಂದು ಕೈಪಟ್ಟಿ, ಅವರಪ್ಪನಿಗೊಂದು. ನನ್ನದರಲ್ಲಿ ಇಂಗ್ಲಿಷಿನಲ್ಲಿ "ಅಮ್ಮ" ಎಂದಿತ್ತು, ಎರಡು ತುದಿಯ ಎ ಏನೋ ವಿಚಿತ್ರವಾಗಿತ್ತು. ಕನ್ನಡಕ ಹಾಕಿ ನೋಡಿದರೆ ತಲೆಕೆಳಗಾಗಿ ಪೋಣಿಸಿದ ವಿ. ಅಡ್ಡಗೆರೆ ಇಲ್ಲ. ನಮ್ಮವರ ಪಟ್ಟಿಯ "ಅಪ್ಪ" ಕೂಡ ಹಾಗೆಯೇ. "ಏನು ತಲೆ ನೋಡು! ಇದ್ದ ಭಾಗದಲ್ಲೇ ಕೆಲಸ ಮುಗಿಸಿದಾಳೆ" ಎಂದು ಅವರು ಹಿಗ್ಗಿದರು. ನನ್ನ ಲೆಕ್ಕ ಬೇರೆಯೇ ಇತ್ತು. ಅಡ್ಡಗೆರೆ ಇರುವ ಅಸಲಿ ಎಗಳೆಲ್ಲ ಗೆಳತಿಯರ ಪಾಲು. ಹೆತ್ತವರಿಗೆ ವಿ. ಅದೂ ತಲೆಕೆಳಗು. ಅವಳು ಶಿಶುವಿಹಾರದಲ್ಲಿದ್ದಾಗ ಮ್ಯಾಕರೋನಿ ಹಾರದ ಮೊದಲ ಹಕ್ಕುದಾರಳು ನಾನಾಗಿದ್ದೆ, ಮಾಂಗಲ್ಯದ ಜೊತೆ ಅದನ್ನೂ ಹಾಕಿಕೊಂಡು ಇಂಡಿಯನ್ ಅಂಗಡಿಗೆ ಹೋಗಿ ಬಂದಿದ್ದೇನೆ. ಈಗ ಉಳಿಕೆ ಮಾಲು.

ಮಗಳ ಗಮನ ಸೆಳೆಯಲು ನಮ್ಮವರಿಗೆ ಹೊಳೆದ ದಾರಿಗೆ ಚಿಯೋಂಗ್ ಚೂನ್ ಎಂಗ್ ಕಾರಣ. ಎಂಗ್ ಇಲ್ಲೇ ನೋವೈ ಊರಿನವರು, ಮಲೇಶಿಯಾದಿಂದ ಬಂದವರು. ನಿಸ್ಸಾನ್ ಕಂಪನಿಯಲ್ಲಿ ಕಾರುಗಳನ್ನು ಗುದ್ದಿಸಿ ಒಳಗಿನವರು ಉಳಿಯುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವ ಇಂಜಿನಿಯರಾಗಿದ್ದರು. 2010ರಲ್ಲಿ ತಮ್ಮ ಹೆಣ್ಣುಮಕ್ಕಳು ಸಣ್ಣ ರಬ್ಬರ್ ಬ್ಯಾಂಡುಗಳಲ್ಲಿ ಕೈಪಟ್ಟಿ ಹೆಣೆಯುವುದನ್ನು ಕಂಡು ತಾವೂ ಕೂತರು. ಬೆರಳು ದಪ್ಪ, ಆಗಲಿಲ್ಲ. ಒಂದು ಹಲಗೆಗೆ ಪಿನ್ನು ಚುಚ್ಚಿ ಪುಟ್ಟ ಮಗ್ಗ ಮಾಡಿದರು. ಮನೆಯ ಉಳಿತಾಯದ ಹತ್ತು ಸಾವಿರ ಡಾಲರ್ ಸುರಿದರು. ಅದೇ ರೇನ್‌ಬೋ ಲೂಮ್. 2013ರ ಹೊತ್ತಿಗೆ ದೇಶದ ಮಕ್ಕಳಿಗೆಲ್ಲ ಅದರ ಹುಚ್ಚು, ಕೆಲವು ಶಾಲೆಗಳು ಪಾಠ ಕೆಡುತ್ತದೆಂದು ನಿಷೇಧವನ್ನೇ ಹಾಕಿದವು. ಆಮೇಲೆ ಬ್ರಿಟನ್ ರಾಜಮನೆತನದ ಸೊಸೆ ಕೇಟ್ ಕೈಯಲ್ಲೂ ಅದು ಕಾಣಿಸಿಕೊಂಡಿತು.

ನಮ್ಮ ಮನೆಯಲ್ಲೂ ಒಬ್ಬ ಕಾರ್ ಇಂಜಿನಿಯರ್ ಇದ್ದಾರೆ. ಬೆರಳೂ ದಪ್ಪವೇ. "ರೀ, ಅವರಿಗೂ ಹೆಣ್ಣುಮಕ್ಕಳೇ" ಎಂದು ನಾನು ಯಾವತ್ತೋ ಅಂದಿದ್ದ ಮಾತು ಮನಸ್ಸಿನಲ್ಲಿ ಚುಚ್ಚಿಕೊಂಡೇ ಇತ್ತೆಂದು ಕಾಣುತ್ತದೆ. ಅಂತೂ ಆ ವಾರ ಎಂಗ್ ಅವರನ್ನು ಮೀರಿಸುವ ಮಗ್ಗವೊಂದನ್ನು ಮಾಡಲು ಹೊರಟರು. ಎಂಗ್ ಹಲಗೆ ಮತ್ತು ಪಿನ್ನಿನಿಂದ ಶುರು ಮಾಡಿದ್ದರು, ಇವರು ಮೀಟಿಂಗಿನಿಂದ ಶುರು ಮಾಡಿದರು. ಊಟದ ಮೇಜಿನ ಮುಂದೆ ಮಗಳನ್ನು ಕೂರಿಸಿಕೊಂಡು "ನಿನ್ನ ಅಗತ್ಯಗಳೇನು?" ಎಂದು ಕೇಳಿದರು. "ಎ ಮಣಿ" ಎಂದಳು. ಅದನ್ನು ಬರೆದುಕೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ಮಗ್ಗದ ಚಿತ್ರ ಬಿಡಿಸಿ, ಮೂರು ಕಡೆಯಿಂದ ತಿರುಗಿಸಿ ನೋಡಿ, ಕೂದಲೆಳೆಯ ವ್ಯತ್ಯಾಸಕ್ಕೆ ರಾತ್ರಿಯೆಲ್ಲ ಕೂತರು. ಗೆಳೆಯರೊಬ್ಬರ ತ್ರೀಡಿ ಪ್ರಿಂಟರಿನಿಂದ ಮೊದಲ ಮಾದರಿ ಬಂದಾಗ ರಬ್ಬರ್ ಬ್ಯಾಂಡು ಕೂರಲಿಲ್ಲ, ಎರಡನೆಯದರಲ್ಲಿ ಕೂತದ್ದು ಏಳಲಿಲ್ಲ. ಅಷ್ಟರಲ್ಲಿ ಮಗಳು ಪಕ್ಕದಲ್ಲೇ ಕೂತು ಬರಿಯ ಬೆರಳುಗಳ ಮೇಲೆ ಎರಡು ಕೈಪಟ್ಟಿ ಹೆಣೆದು ಎದ್ದುಹೋಗಿದ್ದಳು. ಈಗ ಆ ಮಗ್ಗದಲ್ಲಿ ನಾನು ಚಾರ್ಜರುಗಳ ವೈರು ಸುತ್ತಿಡುತ್ತೇನೆ. ಬಹಳ ಅನುಕೂಲ.

ನನ್ನ ಸರದಿಯಲ್ಲಿ ನಾನು ಗೆಜ್ಜೆವಸ್ತ್ರ ಕಲಿಸಲು ಕರೆದೆ. ಮೈಸೂರಿನ ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ಅಮ್ಮ, ಚಿಕ್ಕಮ್ಮಂದಿರೆಲ್ಲ ಹತ್ತಿ ಮುಂದಿಟ್ಟುಕೊಂಡು ಹಜಾರದಲ್ಲಿ ಕೂರುವರು. ಬೀಜ ತೆಗೆದು, ಹಿಂಜಿ, ಬೆರಳತುದಿಯಲ್ಲಿ ಹೊಸೆದು, ನಡುನಡುವೆ ಕುಂಕುಮದ ನೀರು ಮುಟ್ಟಿಸುತ್ತ ಗೌರಿ ಹಬ್ಬಕ್ಕೆ ಸಾಕಾಗುವಷ್ಟು ವಸ್ತ್ರ, ವರ್ಷಕ್ಕಾಗುವಷ್ಟು ಹೂಬತ್ತಿ. ಆ ಕೈಗಳು ಕೆಲಸ ಮಾಡುತ್ತಿದ್ದಾಗ ಬಾಯಿಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬರೆಯುವಂತಿಲ್ಲ. ಇಲ್ಲಿ ಔಷಧದಂಗಡಿಯ ಹತ್ತಿಯುಂಡೆ, ಮುಖದ ಬಣ್ಣ ಒರೆಸುವುದಕ್ಕೆ ಮಾರುವಂಥದು. ಮಗಳು ಒಂದು ಸಲ ನೋಡಿದಳು, ಎರಡನೆಯ ಸಲ ನನಗಿಂತ ಚೆನ್ನಾಗಿ ಹೊಸೆದಳು. ನಾನು ಅಡಿಗೆ ಮುಗಿಸಿ ಬರುವಷ್ಟರಲ್ಲಿ ಮಾರುದ್ದ ಮಾಡಿದ್ದಳು. ಇಷ್ಟುದ್ದದ ವಸ್ತ್ರ ಹಾಕಿಸಿಕೊಳ್ಳುವ ದೇವರು ನಮ್ಮ ಮನೆಯಲ್ಲಿ ಇರಲಿಲ್ಲ. ಅಂಗಳದಲ್ಲಿ ಇದ್ದ. ಹಿಂದಿನ ದಿನ ಪಕ್ಕದ ಮನೆಯ ಹುಡುಗರ ಜೊತೆ ಸೇರಿ ಮಾಡಿದ್ದ ಹಿಮದ ಗೊಂಬೆ. ಅದಕ್ಕೆ ಗೆಜ್ಜೆವಸ್ತ್ರ ಏರಿತು, ಹಣೆಗೆ ಕುಂಕುಮ ಬಂತು. ಅಂಗಳ ಬೆಳಗಿತು.

ಮಧ್ಯಾಹ್ನ ಅಪರೂಪಕ್ಕೆ ಬಿಸಿಲು ಬಿತ್ತು. ಕುಂಕುಮ ಕರಗಿ ಹಣೆಯಿಂದ ಮೂಗಿಗೆ, ಮೂಗಿನಿಂದ ಎದೆಗೆ ಇಳಿಯಿತು. ಎದುರು ಮನೆಯ ವಯಸ್ಸಾದ ಮಹನೀಯರು ನಾಯಿಯನ್ನು ತಿರುಗಾಡಿಸಲು ಬಂದವರು ನಿಂತರು. ನಾಯಿಯೂ ನಿಂತಿತು. ಸ್ವಲ್ಪ ಹೊತ್ತಿಗೆ ಕರೆಗಂಟೆ ಬಾರಿಸಿ, ಬಹಳ ಸೌಜನ್ಯದಿಂದ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದರು.

ಹಿಮದ ಗೊಂಬೆಯ ತಲೆ ಬಿದ್ದ ದಿನವೇ ಮಗಳು ನೆಲಮಾಳಿಗೆ ಗುಡಿಸಲು ಹೊರಟಳು. ಹಾಗೆ ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು, ನಮ್ಮ ಮನೆಯಲ್ಲಿ ಯಾರೂ ತಾವಾಗಿ ಗುಡಿಸುವುದಿಲ್ಲ. ನನ್ನ ಕಾರ್ಯಾಚರಣೆಯಿಂದ ತಪ್ಪಿಸಿಕೊಂಡು ಒಂದು ಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಕಲಾಕೃತಿಗಳನ್ನೆಲ್ಲ ತೆಗೆದು, ಕಡ್ಡಿ ಬೇರೆ, ಕಾಗದ ಬೇರೆ ಮಾಡಿ, ಹಾಡು ಗುನುಗುತ್ತ ಕಸಕ್ಕೆ ಹಾಕಿ ಬಂದಿದ್ದಳು. ಮುಚ್ಚಲು ಸೀರಿಯಲ್ ಡಬ್ಬ ಕೂಡ ಹುಡುಕಲಿಲ್ಲ. "ಅಮ್ಮಾ, ಅದೆಲ್ಲ ಬೇಬಿ ಸ್ಟಫ್" ಎಂದಳು.

ಮಾರನೆಯ ಬೆಳಗ್ಗೆ ಕಸದ ಲಾರಿ ಬರುವ ದಿನ. ರಾತ್ರಿ ಎಲ್ಲರೂ ಮಲಗಿದ ಮೇಲೆ, ನೈಟಿಯ ಮೇಲೆ ನಮ್ಮವರ ದಪ್ಪ ಜಾಕೆಟ್ಟು ಏರಿಸಿ, ಫೋನಿನ ದೀಪ ಹಚ್ಚಿ, ಕಸದ ಡಬ್ಬಿಯೊಳಗೆ ಸೊಂಟದವರೆಗೆ ಬಗ್ಗಿದೆ. ಕಡ್ಡಿಯ ಚೌಕಟ್ಟು ಸಿಕ್ಕಿತು. ಸುಬ್ರಹ್ಮಣ್ಯನ ವಾಹನವಾಗಿದ್ದ ಟರ್ಕಿ ಕೋಳಿ ಪಿಜ್ಜಾ ಡಬ್ಬಿಯ ಕೆಳಗೆ ಸಿಕ್ಕಿತು. ತಲೆ ಎತ್ತಿದರೆ ಎದುರು ಮನೆಯ ಮಹನೀಯರು, ನಾಯಿಯ ಜೊತೆ. ಈ ಸಲ ಅವರು ಏನೂ ವಿಚಾರಿಸಲಿಲ್ಲ.

ರಜೆಯ ಕೊನೆಯಲ್ಲಿ ಗೆದ್ದವರು ಅತ್ತೆ. ಧಾರವಾಡದಲ್ಲಿ ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿಟ್ಟುಕೊಂಡು ಅವರು ಮೊಮ್ಮಗಳಿಗೆ ಕಸೂತಿ ಕಲಿಸುತ್ತಿದ್ದರೆಂದು ನನಗೆ ಗೊತ್ತಾದದ್ದೇ ತಡವಾಗಿ. ಗವಂತಿ, ಮುರಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆಯ ಹೆಸರನ್ನು ಅವಳು ಪಟಪಟನೆ ಹೇಳಿದಳು. ಕನ್ನಡ ಶಾಲೆಯಲ್ಲಿ ಎರಡು ವರ್ಷದಿಂದ ಒತ್ತಕ್ಷರ ಬಾರದವಳು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಕೂಡದು. ಗವಂತಿ, ಮುರಗಿ ಹಾಕಿದರೆ ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಇಲಕಲ್ ಸೀರೆಗಳ ಮೇಲೆ ತೇರು, ಗೋಪುರ, ತುಳಸಿಕಟ್ಟೆ, ಆನೆಗಳನ್ನು ಹಾಕಿದ ಹೆಂಗಸರು ಹೀಗೆ ಎಣಿಸುತ್ತಲೇ ಹಾಕಿದ್ದು. ಮಗಳು ಗೋಪುರವನ್ನು ಹಾಕಿದ್ದು ಜೀನ್ಸಿನ ಮೇಲೆ, ಮೊಣಕಾಲಿನ ಹತ್ತಿರ, ಅಂಗಡಿಯವರೇ ಹರಿದು ಕೊಟ್ಟಿದ್ದ ಕಿಂಡಿಯ ಪಕ್ಕ. ಜೀನ್ಸಿನಲ್ಲಿ ಎಳೆ ಎಣಿಸಲಾಗದೆಂದು ಮೇಲೊಂದು ಜಾಳು ಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದಿದ್ದಳು. ಜೋಆನ್ ಸರಕು ಕೊನೆಗೂ ಉಪಯೋಗಕ್ಕೆ ಬಂದಿತ್ತು, ನಮ್ಮವರತ್ತ ಒಮ್ಮೆ ನೋಡಿದೆ.

ಭಾನುವಾರ ರಾತ್ರಿ ಜೀನ್ಸನ್ನು ಕ್ಯಾಮೆರಾ ಮುಂದೆ ಹಿಡಿದಳು. ಅಲ್ಲಿ ಸೋಮವಾರದ ಬೆಳಗು, ಹಿಂದೆ ಹಾಲಿನವನ ಗಂಟೆ.

"ಅಯ್ಯ, ಪ್ಯಾಂಟ್ ಹರದದಲ್ಲವಾ! ಅಮೇರಿಕಾದಾಗಿದ್ದೂ ಹುಡುಗೀಗೆ ಒಂದು ನೆಟ್ಟಗಿನ ಪ್ಯಾಂಟ್ ಕೊಡಸಲಿಕ್ಕೆ ಆಗೂದಿಲ್ಲೇನು ಇವರಿಗೆ?"

"ಅಜ್ಜಿ, ಅದು ಸ್ಟೈಲ್. ಗೋಪುರ ನೋಡಿ."

ಅತ್ತೆ ಕನ್ನಡಕ ಏರಿಸಿ, ಮುಖವನ್ನು ಪರದೆಗೆ ತಾಗಿಸಿ ನೋಡಿದರು. ನಾನು ಉಸಿರು ಹಿಡಿದೆ, ಮಗುವಿನ ಕೆಲಸವನ್ನು ಯಾರಾದರೂ ಹೊಗಳದಿದ್ದರೆ ಇಲ್ಲಿನ ಶಾಲೆಗಳಲ್ಲಿ ಅದನ್ನು ಹಿಂಸೆ ಅನ್ನುತ್ತಾರೆ.

"ಹಿಂದ ತೋರಸು."

ಜೀನ್ಸನ್ನು ಒಳಮೈ ತಿರುಗಿಸಿದಳು.

"ಗಂಟು ಹಾಕೀದಿ. ಅಲ್ಲೊಂದು, ಇಲ್ಲೊಂದು. ಬಿಚ್ಚು."

ನಾನು ಇಷ್ಟು ಹೇಳಿದ್ದರೆ ಬಾಗಿಲು ಬಡಿದ ಸದ್ದು ಫ್ಲಾರಿಡಾಕ್ಕೆ ಕೇಳುತ್ತಿತ್ತು. ಮಗಳು ಉಸಿರೆತ್ತದೆ ಕತ್ತರಿ ತೆಗೆದುಕೊಂಡು ಮಂಚದ ಮೇಲೆ ಚಕ್ಕಳಮಕ್ಕಳ ಕೂತು ಬಿಚ್ಚತೊಡಗಿದಳು. ಬೆಳಗ್ಗೆ ಶಾಲೆ ಇದೆ, ಬಸ್ಸು ಬೇಗ ಬರುತ್ತದೆ, ದೀಪ ಆರಿಸಿ ಎಂದು ನಾನು ಬಾಗಿಲಲ್ಲಿ ನಿಂತು ನೆನಪಿಸಿದೆ. ಇಬ್ಬರೂ ಒಟ್ಟಿಗೆ, "ಐದ್ ನಿಮಿಷ" ಎಂದರು. ಹತ್ತು ನಿಮಿಷ ಬಿಟ್ಟು ಮತ್ತೆ ಹೋದೆ. ಮಗಳು ತಲೆ ಎತ್ತಲಿಲ್ಲ. ಅವಲಕ್ಕಿ ಡಬ್ಬಿಯ ಕಡೆಯಿಂದಲೇ ಉತ್ತರ ಬಂತು:

"ನಾ ಇದ್ದೀನಲ್ಲ, ನೋಡ್ಕೋತೀನಿ. ನೀ ಹೋಗಿ ಮಲ್ಕೋ ಹೋಗವಾ."