ಇಂಚಪ್ಪ

ಪ್ರತಿ ಎಂಜಿನಿಯರಿಂಗ್ ಹಾಸ್ಟೆಲಿನಲ್ಲೂ ಇಂಥವನೊಬ್ಬ ಇರುತ್ತಾನೆ. ಮೆಸ್ಸಿನ ಸಾರು ಹಳಸಿದ್ದು ಅವನ ನಾಲಗೆಗೆ ತಿಳಿಯುವುದಿಲ್ಲ; ಯಾರಾದರೂ "ಒಂದು ಮಾನಿಟರ್ ತಗೋಬೇಕು" ಅಂತ ಪಿಸುಗುಟ್ಟಿದರೆ ಮಾತ್ರ ಎರಡು ಮಹಡಿ ಆಚೆಗೂ ಕೇಳಿಸುತ್ತದೆ. ಚಪ್ಪಲಿ ಮೆಟ್ಟುವಷ್ಟೂ ವ್ಯವಧಾನವಿಲ್ಲದೆ ಓಡಿಬಂದು ನಮ್ಮ ಮಂಚದ ಮೇಲೆ ಕೂರುತ್ತಾನೆ. ಮೊದಲ ಪ್ರಶ್ನೆ ದುಡ್ಡಿನದಲ್ಲ. "ಟೇಬಲ್ ಎಷ್ಟು ಆಳ ಐತಿ?"

ಬೆಂಗಳೂರಿನ ನಮ್ಮ ಹಾಸ್ಟೆಲಿನಲ್ಲಿದ್ದವನಿಗೆ ನಾವಿಟ್ಟ ಹೆಸರು ಇಂಚಪ್ಪ. ಗದಗ ಕಡೆಯವನು, ನಮಗಿಂತ ಎರಡು ವರ್ಷ ಹಿರಿಯ. ಎದುರಿಗೆ ಅಣ್ಣ, ಬೆನ್ನ ಹಿಂದೆ ಇಂಚಪ್ಪ. ಜೇಬಿನಲ್ಲಿ ಸದಾ ದರ್ಜಿಯ ಟೇಪು.

ಈ ಜಾತಿಯ ಲಕ್ಷಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇವರು ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ, ನೀವು ಅಗಲ ಹಿಡಿದು ಅಳೆದರೆ ಮರುಕದಿಂದ ನೋಡುತ್ತಾರೆ. ಹಳೇ ಕಾಲದ 17 ಇಂಚಿನ ಗಾಜಿನ ಮಾನಿಟರಿನಲ್ಲಿ ಕಣ್ಣಿಗೆ ದಕ್ಕುತ್ತಿದ್ದದ್ದು 16 ಇಂಚಿನಷ್ಟೇ, ಮಿಕ್ಕಿದ್ದು ಚೌಕಟ್ಟಿನ ಹೊಟ್ಟೆಯೊಳಗೆ ಎಂಬ ಅನ್ಯಾಯವನ್ನು ಸ್ವಂತ ಹೊಲದ ಬದು ಒತ್ತುವರಿಯಾದವರ ಸಿಟ್ಟಿನಲ್ಲಿ ಹೇಳುತ್ತಾರೆ. ಆಷಾಢದಲ್ಲಿ ಕೇಳಿದರೆ ದಸರಾ ಸೇಲಿಗೆ ಕಾಯಿ ಅನ್ನುತ್ತಾರೆ, ದಸರೆಯಲ್ಲಿ ಕೇಳಿದರೆ ದೀಪಾವಳಿಗೆ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ನನ್ನ ಹತ್ತಿರ ಇದ್ದದ್ದು 8,000 ರೂಪಾಯಿ. "24 ಇಂಚಿಂದು ಸಾಕು ಅಂತಿದೀನಿ ಅಣ್ಣ" ಎಂದೆ. "ಯಾಕ ಇಪ್ಪತ್ನಾಲ್ಕು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ಪಕ್ಕದ ರೂಮಿನವನ ಹತ್ತಿರ ಅದೇ ಇತ್ತು, ಅಷ್ಟೇ. ಇಂಚಪ್ಪನ ಮುಖ ಬೆಳಗಿತು.

ಮಾರನೇ ದಿನ ಅವನು ಕಿರಾಣಿ ಅಂಗಡಿಯಿಂದ ರಟ್ಟಿನ ಡಬ್ಬ ತಂದು ಕತ್ತರಿಸಿದ. ಒಂದು ತುಂಡು 53 ಸೆಂಟಿಮೀಟರ್ ಅಗಲ, 30 ಎತ್ತರ. ಅದು 24 ಇಂಚು. ಇನ್ನೊಂದು 60 ಅಗಲ, 34 ಎತ್ತರ, ಅದು 27. ಎರಡನ್ನೂ ಸರದಿಯಂತೆ ನನ್ನ ಟೇಬಲ್ಲಿನ ಮೇಲೆ ಗೋಡೆಗೆ ಆನಿಸಿಟ್ಟು, "ಇದರ ಮುಂದ ಕುಂತು ಓದು, ಕುತ್ತಿಗಿ ಏನಂತದ ನೋಡಿ ಹೇಳು" ಅಂದ. ಒಂದಷ್ಟು ದಿನ ನಾನು ರಟ್ಟು ನೋಡುತ್ತಾ ಕೂತೆ. ಒಂದು ಸಂಜೆ ವಾರ್ಡನ್ ಬಂದರು. "ಏನೋ ಇದು?"

"ಮಾನಿಟರ್, ಸಾರ್."

ಅವರು ರಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಪರೀಕ್ಷೆ ಹತ್ತಿರವಿತ್ತು, ಏನೂ ಕೇಳದೆ ಬಾಗಿಲನ್ನು ಮೆಲ್ಲಗೆ ಮುಂದೆಳೆದುಕೊಂಡು ಹೋದರು. ಆ ರಾತ್ರಿ ಊರಿಂದ ಅಪ್ಪ ಫೋನ್ ಮಾಡಿ, "ಊಟ, ನಿದ್ದೆ ಸರಿಯಾಗಿ ಆಗ್ತಿದೆಯೇನಪ್ಪಾ?" ಎಂದು ಅತಿ ಮೃದುವಾಗಿ ವಿಚಾರಿಸಿದರು.

ರಟ್ಟು ಸುಳ್ಳು ಹೇಳಲಿಲ್ಲ, ಅದೇ ಉರಿ. ನಮ್ಮ ಟೇಬಲ್ಲಿನ ಅಗಲ ಎರಡಡಿ, ಆಳ ಒಂದೂವರೆ ಅಡಿ. 27 ಇಂಚು ಈ ಅಂಚಿನಿಂದ ಆ ಅಂಚಿಗೆ ಮುಟ್ಟಿತು. "ಪುಸ್ತಕ ಎಲ್ಲಿಡ್ತಿ? ತಲಿ ಮ್ಯಾಲೇನು?" ಎಂದು ಇಂಚಪ್ಪ ಕೇಳಿದ. ಪರದೆಗೂ ಕಣ್ಣಿಗೂ ನಡುವೆ ಚಾಚಿದ ಕೈಯಷ್ಟು ದೂರ ಬೇಕು. ಅದಕ್ಕೆ ನಾನು ಕುರ್ಚಿ ಹಿಂದೆ ಸರಿಸಿದರೆ ರೂಮ್‌ಮೇಟ್‌ನ ಮಂಚ ತಗಲುತ್ತಿತ್ತು. ಇನ್ನು ಚುಕ್ಕಿಗಳ ಲೆಕ್ಕ. ಅಗ್ಗದ 24 ಇರಲಿ, ಅಗ್ಗದ 27 ಇರಲಿ, ಒಳಗಿರುವುದು ಅದೇ 1920×1080 ಚುಕ್ಕಿ. 24ರಲ್ಲಿ ಇಂಚಿಗೆ ಸುಮಾರು 92 ಬೀಳುತ್ತವೆ, 27ರಲ್ಲಿ 82. "ಬೀಜ ಅಷ್ಟ, ಹೊಲ ದೊಡ್ಡದು. ಬೆಳಿ ತೆಳ್ಳಗ ಆಗತೈತಿ" ಎಂದ. 27ರಲ್ಲಿ ಅಕ್ಷರ ಚೂಪಾಗಿ ಕಾಣಬೇಕಾದರೆ 2560×1440ರದ್ದು ಬೇಕು, ಅದಕ್ಕೆ ನನ್ನ ಗಂಟು ಎರಡು ಪಟ್ಟಾಗಬೇಕಿತ್ತು.

ಕೊನೆಗೂ ಒಂದು ಶನಿವಾರ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೊರಟೆವು. ಅಂಗಡಿಯವರು ಮಾನಿಟರುಗಳಲ್ಲಿ ಕಡಲು, ಗಿಳಿ, ಹೂವಿನ ಚಿತ್ರ ಹಾಕಿರುತ್ತಾರೆ. ಇಂಚಪ್ಪ ಅದನ್ನೆಲ್ಲ ತೆಗೆಸಿ, ನೋಟ್‌ಪ್ಯಾಡ್ ತೆರೆಸಿ, ಸಣ್ಣ ಅಕ್ಷರದಲ್ಲಿ ರಾಷ್ಟ್ರ, ಸ್ತ್ರೀ, ಲಕ್ಷ್ಮೀ ಅಂತ ಕನ್ನಡದಲ್ಲಿ ಟೈಪು ಮಾಡಿದ. "ಇಂಗ್ಲಿಷ್ ಎಲ್ಲಾದ್ರಾಗೂ ಚಂದ ಕಾಣತೈತಿ. ಒತ್ತಕ್ಷರ ಸ್ವಚ್ಛ ಕಂಡ್ರ ಅದು ಮಾನಿಟರ್" ಎಂಬುದು ಅವನ ಸಿದ್ಧಾಂತ. ಆಮೇಲೆ ಪರದೆ ತುಂಬ ಬಿಳಿ, ಕಪ್ಪು, ಕೆಂಪು ಬಣ್ಣ ಹಾಕಿಸಿ, ಮೂಗು ತಾಗಿಸಿಕೊಂಡು ಸತ್ತ ಚುಕ್ಕಿ ಹುಡುಕಿದ. ಒಂದೆರಡು ಚುಕ್ಕಿ ಸತ್ತಿದ್ದರೆ ಬದಲಿ ಕೊಡಲು ಕಂಪನಿಗಳು ಮೀನಮೇಷ ಎಣಿಸುತ್ತವೆ. ಪಕ್ಕದಿಂದ ಬಗ್ಗಿ ನೋಡಿ, ಬಣ್ಣ ಕೆಡುವ ಟಿಎನ್ ಪ್ಯಾನೆಲ್ ಬೇಡ, ಐಪಿಎಸ್ ಕೊಡಿ ಎಂದ. ಮೂರನೇ ಅಂಗಡಿಯಾತ ನನ್ನನ್ನು ಬದಿಗೆ ಕರೆದು, "ಸರ್, ಮಾನಿಟರ್ ಕೊಡ್ತೀನಿ, ಇವರನ್ನ ಕರ್ಕೊಂಡು ಹೋಗಿ" ಎಂದು ಬೇಡಿಕೊಂಡ. ಬೆಲೆ ಇಳಿದದ್ದು ಆಗಲೇ.

ಕೊಂಡದ್ದು 24 ಇಂಚಿಂದು. "ನಾನು ಮೊದಲನೇ ದಿನವೇ ಇದನ್ನ ಹೇಳಿರಲಿಲ್ವಾ?" ಎಂದು ರೇಗಿದೆ.

"ಹೇಳಿದ್ದಿ. ಯಾಕ ಅಂತ ಗೊತ್ತಿರಲಿಲ್ಲ."

ಮಾರ್ಕೆಟ್ಟಿನಲ್ಲಿ ಹತ್ತಿದ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ನನ್ನನ್ನು ಕೂರಿಸಿ ಡಬ್ಬವನ್ನು ತೊಡೆಯ ಮೇಲಿಟ್ಟು, ಪರದೆಯ ಮಗ್ಗುಲಿಗೆ ಯಾರ ಮೊಣಕೈಯೂ ತಾಗದಂತೆ ಎರಡೂ ತೋಳು ಅಡ್ಡ ಹಿಡಿದು ದಾರಿಯುದ್ದಕ್ಕೂ ನಿಂತ. ರೂಮಿಗೆ ಬಂದವನೇ ಮಾನಿಟರಿನ ಕಾಲಿನ ಕೆಳಗೆ ನನ್ನ ಗ್ರೇವಾಲ್ ಗಣಿತ ಪುಸ್ತಕ ತಳ್ಳಿ, ಮೇಲಂಚನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದ. ಅಗ್ಗದ ಮಾನಿಟರುಗಳ ಕಾಲು ಮೇಲೆ ಕೆಳಗೆ ಆಡುವುದಿಲ್ಲ; ನಾನೂ ಆ ಪುಸ್ತಕವನ್ನು ಬೇರೆ ಯಾವುದಕ್ಕೂ ಬಳಸುತ್ತಿರಲಿಲ್ಲ. ಹದಿನೈದು ದಿನವಾಗಿರಲಿಲ್ಲ, ರಾತ್ರಿ ಬಾಗಿಲು ಬಡಿದು ಹೇಳಿದ: "ತಮ್ಮಾ, ನಿನ್ನ ಮಾನಿಟರ್ ಮುನ್ನೂರು ಕಡಿಮಿ ಆಗೈತಿ." ಅವತ್ತು ಅವನನ್ನು ಕೊಲ್ಲದೆ ಬಿಟ್ಟದ್ದು ಅವನ ಪುಣ್ಯ.

ಈಗ ಆಫೀಸಿನಲ್ಲಿ ನನ್ನ ಮುಂದೆ ಎರಡು 27 ಇಂಚಿನ ಮಾನಿಟರುಗಳಿವೆ. ಟೇಬಲ್ ಎಷ್ಟು ಆಳ ಅಂತ ಯಾರೂ ಕೇಳಲಿಲ್ಲ, ನನ್ನ ಕುತ್ತಿಗೆ ಏನನ್ನುತ್ತದೆ ಅಂತಲೂ. ಫೋನಿನಲ್ಲಿ ಕೇಳಿದರೆ ಯಾವುದು ಕೊಳ್ಳಬೇಕೆಂದು ಕ್ಷಣದಲ್ಲಿ ಪಟ್ಟಿ ಬರುತ್ತದೆ. ಇನ್ನೊಬ್ಬನ 8,000 ರೂಪಾಯಿಯನ್ನು ತನ್ನದೆಂದುಕೊಂಡು ನಿದ್ದೆಗೆಡುವವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಬಡ ವಿದ್ಯಾರ್ಥಿಗೆ ಎರಡನೇ ಸಲ ಕೊಳ್ಳುವ ಅವಕಾಶವಿಲ್ಲ ಎಂಬುದು ಇಂಚಪ್ಪನಿಗೆ ತಿಳಿದಿತ್ತು, ಅದಕ್ಕೇ ಅಷ್ಟು ಕಾಟ. ಧಾಟಿ ಉಪದೇಶಕ್ಕೆ ತಿರುಗಿತು, ಮನ್ನಿಸಿ, ಸಹವಾಸದೋಷ.

ಆದ್ದರಿಂದ, ನಿಮ್ಮ ಮನೆಯ ಹುಡುಗ ಹುಡುಗಿಯರು ಮಾನಿಟರ್ ಕೇಳಿದರೆ ಮೊದಲು ಟೇಬಲ್ ಅಳೆಯಿರಿ. ಹಾಸ್ಟೆಲ್ ಟೇಬಲ್ಲಿಗೆ 22 ಅಥವಾ 24 ಇಂಚು ಧಾರಾಳ. ಹಾಸ್ಟೆಲಿನಲ್ಲಿ ಇಂಚಪ್ಪ ಇದ್ದರೆ ಕಡ್ಡಾಯವಾಗಿ ಜೊತೆಗೆ ಕರೆದೊಯ್ಯಿರಿ. ತಂದ ಮೇಲೆ ಮಾತ್ರ ತಿಂಗಳೊಪ್ಪತ್ತು ಬಾಗಿಲಿಗೆ ಚಿಲಕ ಹಾಕಿಕೊಳ್ಳಿ.