ಕ್ಲಿಕ್ಕಿಗೆ ಕೈ ಚಾಚುವ ರೋಗಿ

ಕಂಪ್ಯೂಟರಿನೊಳಗಿನ ರೋಗಿಯಷ್ಟು ಸಂಭಾವಿತರು ಈ ಭೂಮಿಯ ಮೇಲೆ ಸಿಗಲಾರರು. ‘ಬಿಪಿ ನೋಡು’ ಎಂಬಲ್ಲಿ ಒತ್ತಿದರೆ ಸಾಕು, ತೋಳು ಒಡ್ಡುತ್ತಾರೆ. ಮಾತ್ರೆ ಕಹಿ ಅನ್ನುವುದಿಲ್ಲ, ಊಟ ಸಪ್ಪೆ ಅನ್ನುವುದಿಲ್ಲ. ಮಧ್ಯೆ ಎದ್ದು ಕಾಫಿ ಕುಡಿದು ಬನ್ನಿ, ಅವರ ಕಾಯಿಲೆ ಬಿಟ್ಟಲ್ಲೇ ಕಾದಿರುತ್ತದೆ.

ಕೆಲವು ನರ್ಸಿಂಗ್ ಕಾಲೇಜುಗಳಲ್ಲಿ ಮಕ್ಕಳು ವಾರ್ಡ್ ಪೋಸ್ಟಿಂಗಿಗೆ ಮೊದಲು ಇಂಥ ವೆಬ್ ರೋಗಿಗಳ ಸಹವಾಸ ಮಾಡುತ್ತಾರೆ. ಹಳೇ ಕಾಲದ ಇನ್‌ಚಾರ್ಜ್ ಸಿಸ್ಟರಿಗೆ ಇದನ್ನು ಕೇಳಿದರೇ ನಗು. “ನಾವೆಲ್ಲ ನೇರ ಪೇಷಂಟ್ ಮೇಲೇ ಕಲಿತೋರು ಕಣಮ್ಮ” ಅಂತಾರೆ. ಸರಿ ಸಿಸ್ಟರ್, ಆ ಪೇಷಂಟಿನ ಅಭಿಪ್ರಾಯ ಯಾರು ಕೇಳಿದ್ದರು? ಜನರಲ್ ವಾರ್ಡಿನ ಬಡಪಾಯಿಯ ತೋಳಲ್ಲಿ ಸಾಲಾಗಿ ಎದ್ದ ನೀಲಿ ಕಲೆಗಳೇ ಅಲ್ಲವೇ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡು?

ಹಾಗೆ ನೋಡಿದರೆ ಹುಸಿ ರೋಗಿ ಹೊಸಬರೂ ಅಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ‘ಮಿಸೆಸ್ ಚೇಸ್’ ಎಂಬ ಆಳೆತ್ತರದ ಗೊಂಬೆ ಹಾಸಿಗೆ ಹಿಡಿದಿದ್ದಳು, ನರ್ಸುಗಳ ಕೈ ಪಳಗಲಿ ಅಂತ. ಆಕೆಯ ಮರಿಮಕ್ಕಳೇ ಈಗ ಬ್ರೌಸರಿನಲ್ಲಿ ಮಲಗಿರುವುದು.

ಲೆಕ್ಕಕ್ಕಂತೂ ಪರದೆಯೇ ಸೈ. 500 ಮಿಲಿ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿಲಿಗೆ 20 ಹನಿ, ನಿಮಿಷಕ್ಕೆಷ್ಟು? ನಿದ್ದೆಗಣ್ಣಲ್ಲಿ 210 ಅಂತ ಬರೆದರೂ ಅಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ. ಒಂದು ಕೆಂಪು ಗುರುತು ಬೀಳುತ್ತದೆ, ಮತ್ತೆ ಗುಣಿಸಿ ಭಾಗಿಸಿ 21ಕ್ಕೆ ಬರಬಹುದು. ಇದೊಂದೇ ಕಾರಣಕ್ಕೆ ವೆಬ್ ಪಾಠಕ್ಕೆ ನನ್ನ ಓಟು. ಮೊದಲ ತಪ್ಪು ಗಾಜಿನ ಮೇಲಾಗಲಿ, ಚರ್ಮದ ಮೇಲೆ ಬೇಡ.

ತಾಪತ್ರಯ ಶುರುವಾಗುವುದು ಆಮೇಲೆ. ವಾರ್ಡಿನಲ್ಲಿ ಹುಡುಗಿ ವಾಚು ಹಿಡಿದು, ಹನಿ ಎಣಿಸಿ, 21ಕ್ಕೆ ಸರಿಮಾಡಿ ಆಚೆ ತಿರುಗಿದ್ದೇ ತಡ, ರೋಗಿಯ ಭಾವಮೈದುನ ಡ್ರಿಪ್ಪಿನ ಪುಟ್ಟ ಚಕ್ರ ತಿರುವಿ ಧಾರೆ ಬಿಟ್ಟಿರುತ್ತಾನೆ. ಕೇಳಿದರೆ, “ಬೇಗ ಖಾಲಿಯಾದ್ರೆ ಸಂಜೆ ಬಸ್ಸಿಗೆ ಊರು ಸೇರ್ಬಹುದಲ್ಲ ಸಿಸ್ಟರ್!” ಯಾವ ಸಾಫ್ಟ್‌ವೇರಿನಲ್ಲಿದ್ದಾನೆ ಈ ಭಾವಮೈದುನ?

ನೋವಿನ ವಿಚಾರವೂ ಅಷ್ಟೇ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಬೇಕೆಂದು ಪಾಠದಲ್ಲಿದೆ. ವೆಬ್ ರೋಗಿ ಥಟ್ಟನೆ “ಏಳು” ಅನ್ನುತ್ತಾನೆ. ಅದನ್ನೇ ಹುಬ್ಬಳ್ಳಿ ಕಡೆಯ ಅಜ್ಜಿಗೆ ಕೇಳಿ ನೋಡಿ: “ನಾ ಸಾಲಿ ಕಲ್ತಾಕಿ ಅಲ್ಲ ಯವ್ವಾ, ನೀನಽ ಎಷ್ಟರ ಹಾಕ್ಕೋ.” ಕೇರಳದಿಂದ ಬಂದು, ಈಗಷ್ಟೇ ‘ಊಟ ಆಯ್ತಾ’ ಕಲಿತ ವಿದ್ಯಾರ್ಥಿನಿ ಆ ಅಜ್ಜಿಯ ಹುಬ್ಬಿನ ಗಂಟು, ಹಾಸಿಗೆ ಬಿಗಿಹಿಡಿದ ಬೆರಳು ನೋಡಿಯೇ ಅಂಕ ಹಾಕಬೇಕು.

2020ನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸುಗಳ ವರ್ಷವೆಂದು ಸಾರಿತ್ತು. ಕೊರೊನಾ ಬಂದು, ಭಾವೀ ನರ್ಸುಗಳೆಲ್ಲ ಮನೆಯಲ್ಲಿ! ಮಲೆನಾಡಿನ ಹುಡುಗಿಯರು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಛತ್ರಿ ಕೆಳಗೆ ಕೂತು ಕ್ಯಾತಿಟರ್ ಪಾಠ ಕೇಳಿದರು. ಬ್ಯಾಂಡೇಜ್ ಸುತ್ತಲು ಸಿಕ್ಕಿದ್ದು ತಮ್ಮಂದಿರ ತಲೆ. ಆ ತಮ್ಮಂದಿರಾದರೂ ಒಂದೆರಡು ಸಲ ಮಿಸುಕಾಡಿರುತ್ತಾರೆ, ಅಷ್ಟರ ಮಟ್ಟಿಗೆ ಪಾಠ ಚೆನ್ನಾಗೇ ಆಗಿದೆ.

ಅದಕ್ಕೇ ಈ ಪಾಠ ತಯಾರಿಸುವವರಲ್ಲಿ ನನ್ನದೊಂದು ಅರ್ಜಿ. ಮುಂದಿನ ಆವೃತ್ತಿಯಲ್ಲಿ ಪ್ರತಿ ರೋಗಿಯ ಜೊತೆಗೆ ನಾಲ್ಕು ಜನ ನೆಂಟರನ್ನು ಸೇರಿಸಿ. ಒಬ್ಬರು ಎಳನೀರು ತರಲಿ, ಒಬ್ಬರು ಮಂಚದ ಮೇಲೇ ಕೂರಲಿ, ಒಬ್ಬರು “ಡಾಕ್ಟ್ರು ಯಾವಾಗ ಬರ್ತಾರೆ” ಅಂತ ಐದೈದು ನಿಮಿಷಕ್ಕೆ ಕೇಳಲಿ, ಇನ್ನೊಬ್ಬರು ಚಕ್ರದ ಮೇಲೆ ಕಣ್ಣಿಟ್ಟಿರಲಿ. ಇಷ್ಟನ್ನೂ ಸಂಭಾಳಿಸಿ, ಯಾರ ಮೇಲೂ ರೇಗದೆ, ಹನಿಯನ್ನು 21ರಲ್ಲೇ ಉಳಿಸಿಕೊಂಡವಳನ್ನು ಪಾಸು ಮಾಡಿ. ಹಾಗೆಯೇ ಪಾಠ ಬರೆದ ಎಂಜಿನಿಯರನ್ನೂ ಒಂದು ನೈಟ್ ಡ್ಯೂಟಿಗೆ ಹಾಕಿಬಿಡಿ.