ಸ್ವಿಚ್ಚಿಗೆ ಸಂಬಂಧ ನೋಡುವುದು

ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಮೇಷ್ಟ್ರಿಗೆ ಪಾಠಕ್ಕಿಂತ ಬೇರೆ ಕೆಲಸಗಳೇ ಹೆಚ್ಚು. ವಿಟಿಯು ದಯೆಯಿಂದ ‘ಬಳಕೆ ಕನ್ನಡ’, ‘ಸಾಂಸ್ಕೃತಿಕ ಕನ್ನಡ’ ಎಂದು ವಾರಕ್ಕೊಂದು ಗಂಟೆ ಸಿಗುತ್ತದೆ. ಉಳಿದ ಹೊತ್ತಿನಲ್ಲಿ ರಾಜ್ಯೋತ್ಸವದ ಆಹ್ವಾನಪತ್ರಿಕೆಯ ಕಾಗುಣಿತ ತಿದ್ದಬೇಕು, ಮುಖ್ಯ ಅತಿಥಿಗಳ ಪರಿಚಯ ಬರೆದುಕೊಡಬೇಕು, ಉಳಿದವರೆಲ್ಲ ತಪ್ಪಿಸಿಕೊಂಡ ಸಮಿತಿಗಳಲ್ಲಿ ಕೂರಬೇಕು. ಕ್ಯಾಂಪಸ್ಸಿಗೆ ಹೊಸ ನೆಟ್‌ವರ್ಕ್ ಹಾಕಿಸುವ ಪರ್ಚೇಸ್ ಕಮಿಟಿಗೆ ನನ್ನನ್ನು ಸೇರಿಸಿದ್ದಕ್ಕೆ ಪ್ರಿನ್ಸಿಪಾಲರು ಕೊಟ್ಟ ಕಾರಣ ಇಷ್ಟೇ: “ನಿಮಗೆ ಇದರಲ್ಲಿ ಏನೂ ಗೊತ್ತಿಲ್ಲವಲ್ಲ, ಹಾಗಾಗಿ ನಿಮ್ಮ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ.” ಪ್ರಾಮಾಣಿಕನೆನಿಸಿಕೊಳ್ಳಲು ಇಷ್ಟು ಕಡಿಮೆ ಶ್ರಮದ ದಾರಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಮೊದಲ ಮೀಟಿಂಗಿನಲ್ಲೇ ಎರಡು ಪಕ್ಷವಾಯಿತು. ಕಂಪ್ಯೂಟರ್ ಸೈನ್ಸ್ ಎಚ್‌ಓಡಿ ಮೇಡಂ ಅವರಿಗೆ ಒಂದೇ ಆತಂಕ. ಹಾಸ್ಟೆಲಿನಿಂದ ಲೈಬ್ರರಿಯವರೆಗೆ ಸ್ವಿಚ್ಚು, ವೈಫೈ ಪೆಟ್ಟಿಗೆ, ಅವನ್ನು ನಡೆಸುವ ಸಾಫ್ಟ್‌ವೇರ್ ಎಲ್ಲವೂ ಒಂದೇ ಕಂಪನಿಯದ್ದಾದರೆ ಐದು ವರ್ಷದ ಮೇಲೆ ಅವನು ಹೇಳಿದ್ದೇ ರೇಟು; ಬಿಡೋಣವೆಂದರೆ ಬುಡಸಮೇತ ಕೀಳಬೇಕು. ಸಿಸ್ಟಂ ಅಡ್ಮಿನ್ ದುಃಖವೇ ಬೇರೆ. “ಒಂದೇ ಕಂಪನಿ ಆದ್ರೆ ಬೈಯೋಕೆ ಒಬ್ಬ ಸಿಗ್ತಾನೆ ಮೇಷ್ಟ್ರೇ. ಎರಡಾದ್ರೆ ಸ್ವಿಚ್ಚಿನವನು ವೈಫೈಯವನ ಕಡೆ ಬೆರಳು ತೋರಿಸ್ತಾನೆ, ವೈಫೈಯವನು ಸ್ವಿಚ್ಚಿನವನ ಕಡೆ. ರಾತ್ರಿ ಹನ್ನೊಂದು ಗಂಟೆಗೆ ಹಾಸ್ಟೆಲ್ ಹುಡುಗರು ಮಾತ್ರ ನನ್ನ ಕಡೆ ತೋರಿಸ್ತಾರೆ.” ಇಬ್ಬರ ಮಾತೂ ಸರಿಯೆನಿಸಿದ್ದರಿಂದ ನಾನು ಗೋಡಂಬಿ ಬಿಸ್ಕತ್ತಿನ ಕಡೆ ಗಮನ ಕೊಟ್ಟೆ.

ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಹೆಬ್ಬೆರಳುದ್ದದ ಒಂದು ಲೋಹದ ತುಂಡು ಬಿದ್ದಿತ್ತು. ಎಸ್‌ಎಫ್‌ಪಿ ಎನ್ನುತ್ತಾರಂತೆ. ಫೈಬರಿನಲ್ಲಿ ಬರುವ ಬೆಳಕನ್ನು ಸ್ವಿಚ್ಚಿಗೆ ಅರ್ಥವಾಗುವ ವಿದ್ಯುತ್ತಾಗಿಸುವುದು ಅದರ ಕೆಲಸ. ಅದರ ಅಳತೆ ಎಷ್ಟಿರಬೇಕು, ಪಿನ್ನು ಎಲ್ಲಿರಬೇಕು ಎಂದು ಹಲವು ತಯಾರಕರು ಕೂಡಿ ಕೂತು ಒಪ್ಪಂದ ಮಾಡಿಕೊಂಡಿದ್ದಾರೆ. ಯಾರು ಮಾಡಿದ್ದನ್ನಾದರೂ ಯಾರ ಸ್ವಿಚ್ಚಿಗಾದರೂ ಸಿಕ್ಕಿಸುವಂತಿರಲಿ ಎಂಬ ಒಳ್ಳೆಯ ಉದ್ದೇಶದಿಂದ. ಆದರೆ ತುಂಡಿನೊಳಗೆ ಪುಟ್ಟದೊಂದು ಮೆಮೊರಿ ಚಿಪ್ ಇದೆ. ಅದರಲ್ಲಿ ತಯಾರಕನ ಹೆಸರು ಬರೆದಿರುತ್ತದೆ. ಸ್ವಿಚ್ಚು ಬೆಳಕನ್ನು ನೋಡುವ ಮೊದಲು ಹೆಸರನ್ನು ಓದುತ್ತದೆ. ಸಂಬಂಧ ಬೆಳೆಸುವ ಮುಂಚೆ ಗೋತ್ರ ಕೇಳಿದ ಹಾಗೆ. ನಮ್ಮಲ್ಲಿ ಸಗೋತ್ರ ಬೇಡವೆನ್ನುತ್ತಾರೆ, ಇದಕ್ಕೆ ಸಗೋತ್ರವೇ ಬೇಕು. ಬೇರೆ ಹೆಸರು ಕಂಡರೆ ಕೆಲವು ಕಂಪನಿಗಳ ಸ್ವಿಚ್ಚು ಆ ಪೋರ್ಟನ್ನೇ ಮುಚ್ಚಿಬಿಡುತ್ತದೆ. ಕಂಪನಿಯ ಹೆಸರಿರುವ ತುಂಡಿಗೆ ಬೆಲೆ ಹಲವು ಪಟ್ಟು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಅಗ್ಗದ್ದು ತರಬಾರದೇ ಎಂದು ಕೇಳಿದೆ. “ತರಬಹುದು ಮೇಷ್ಟ್ರೇ. ಕೆಲವದರಲ್ಲಿ ಒಂದು ಗುಟ್ಟಿನ ಕಮಾಂಡ್ ಇರುತ್ತೆ, ಕೊಟ್ರೆ ಒಪ್ಕೊಳ್ಳುತ್ತೆ. ಆಮೇಲೆ ಏನೇ ಕೆಟ್ಟರೂ ಮೊದಲು ಅದನ್ನ ಕಿತ್ತು ಆಮೇಲೆ ಫೋನ್ ಮಾಡಿ ಅಂತಾರೆ” ಎಂದರು ಅಡ್ಮಿನ್.

ಸಂಬಂಧವೆಂದ ಮೇಲೆ ಮನೆತನ ವಿಚಾರಿಸಬೇಕಲ್ಲ. ಇಡೀ ವ್ಯವಹಾರದಲ್ಲಿ ನನ್ನಂಥವನು ಓದಬಹುದಾದದ್ದು ಅದೊಂದೇ ಆದ್ದರಿಂದ ಓದಿದೆ. ಈ ಸ್ವಿಚ್ಚುಗಳಿಗೆಲ್ಲ ಮೂಲವಾದ ಈಥರ್ನೆಟ್ಟನ್ನು 1973ರಲ್ಲಿ ಜೆರಾಕ್ಸ್ ಪ್ರಯೋಗಾಲಯದಲ್ಲಿ ರೂಪಿಸಿದ ರಾಬರ್ಟ್ ಮೆಟ್‌ಕಾಫ್ 1979ರಲ್ಲಿ ತ್ರೀಕಾಮ್ ಎಂಬ ಕಂಪನಿ ಕಟ್ಟಿದರು. ಹುಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಮನೆತನವುಂಟೇ? ಆ ತ್ರೀಕಾಮ್ 2000ದಲ್ಲಿ ದೊಡ್ಡ ಸಂಸ್ಥೆಗಳಿಗೆ ಮಾರುತ್ತಿದ್ದ ದೊಡ್ಡ ಸ್ವಿಚ್ಚುಗಳನ್ನು ಏಕಾಏಕಿ ಕೈಬಿಟ್ಟು, ಇನ್ನು ಮೇಲೆ ಎಕ್ಸ್‌ಟ್ರೀಮ್ ಎಂಬ ಕಂಪನಿಯ ಹತ್ತಿರ ಹೋಗಿ ಎಂದು ಗಿರಾಕಿಗಳನ್ನು ಸಾಗಹಾಕಿತು. 2010ರಲ್ಲಿ ತಾನೇ ಎಚ್‌ಪಿ ಪಾಲಾಯಿತು. ಕೆನಡಾದ ನಾರ್ಟೆಲ್ 2009ರಲ್ಲಿ ದಿವಾಳಿಯೆದ್ದಾಗ ಅದರ ಸ್ವಿಚ್ಚುಗಳು ಅವಾಯಾ ಮನೆ ಸೇರಿದವು. 2017ರಲ್ಲಿ ಅಲ್ಲಿಂದ ಅದೇ ಎಕ್ಸ್‌ಟ್ರೀಮ್ ಮನೆಗೆ. ವೈಫೈಗೆ ಹೆಸರಾದ ರಕಸ್ 2016ರಲ್ಲಿ ಬ್ರೊಕೇಡ್, 2017ರಲ್ಲಿ ಆರಿಸ್, 2019ರಲ್ಲಿ ಕಾಮ್‌ಸ್ಕೋಪ್ ಎಂದು ಮೂರು ಹೊಸ್ತಿಲು ತುಳಿಯಿತು. ಇಷ್ಟೆಲ್ಲ ವಿಚಾರಿಸಿ ಹೆಣ್ಣು ಕೊಟ್ಟು, ಮೊದಲ ದೀಪಾವಳಿಗೆ ಅಳಿಯನನ್ನು ಕರೆಯಲು ಹೋದರೆ ಬಾಗಿಲ ಮೇಲೆ ಬೇರೆಯವರ ಹೆಸರು! ಒಂದೇ ಕಂಪನಿಯ ಕೈಗೆ ಸಿಕ್ಕಿಬೀಳುತ್ತೇವೆಂದು ಹೆದರುವ ಎಚ್‌ಓಡಿ ಮೇಡಂಗೆ, ನಾವು ಸಿಕ್ಕಿಬೀಳುವುದು ಯಾರ ಕೈಗೆ ಎಂಬುದೂ ನಿಶ್ಚಯವಿಲ್ಲ ಎಂದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ನಿಜವಾದ ಗಂಟು ಪೆಟ್ಟಿಗೆಯಲ್ಲಿಲ್ಲವೆಂದು ತೋರಿಸಿಕೊಟ್ಟವರು ಅಡ್ಮಿನ್. “ಸ್ವಿಚ್ ಬದಲಾಯಿಸಬಹುದು ಮೇಷ್ಟ್ರೇ, ನನ್ನ ಬೆರಳು ಬದಲಾಯಿಸೋದು ಹೇಗೆ?” ಕೆಲಸಕ್ಕೆ ಸೇರುವ ಮುಂಚೆ ಸಿಸ್ಕೊ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್ ಮಾಡಿಕೊಂಡವರು ಅವರು. ನಮ್ಮ ಲ್ಯಾಬಿನ ಹುಡುಗರು ಅಭ್ಯಾಸ ಮಾಡುವುದೂ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರಿನಲ್ಲೇ. ಆ ಕಂಪನಿ 1997ರಿಂದಲೂ ಅಕಾಡೆಮಿ ನಡೆಸುತ್ತಿದೆ. ಪೆಟ್ಟಿಗೆ ಬರುವ ಮೊದಲೇ ಅದರ ಭಾಷೆ ಬಂದಿರುತ್ತದೆ. ಹೀಗಾಗಿ ಬೇರೆ ಕಂಪನಿಗಳೂ ತಮ್ಮ ಸ್ವಿಚ್ಚಿಗೆ ಹೆಚ್ಚುಕಡಿಮೆ ಅದೇ ಕಮಾಂಡುಗಳನ್ನು ಕಲಿಸಿದವು. ಅರಿಸ್ಟಾ ಕಂಪನಿಯ ಮೇಲೆ ಸಿಸ್ಕೊ 2014ರಲ್ಲಿ ದಾವೆ ಹೂಡಿತು: ಈ ಕಮಾಂಡುಗಳು ನಮ್ಮ ಕೃತಿ, ಕೃತಿಚೌರ್ಯವಾಗಿದೆ ಎಂದು. 2016ರಲ್ಲಿ ಜ್ಯೂರಿ ಅರಿಸ್ಟಾವನ್ನು ಬಿಟ್ಟುಬಿಟ್ಟಿತು. ಬಿಟ್ಟದ್ದು ಯಾವ ಆಧಾರದ ಮೇಲೆಂದು ಓದಿ ನಾನು ಕುರ್ಚಿಯಿಂದ ಎದ್ದೆ. ಅಮೆರಿಕದ ಕಾನೂನಿನಲ್ಲಿ ನಾಟಕ, ಕಾದಂಬರಿಗಳ ವ್ಯಾಜ್ಯಗಳಿಂದ ಬಂದ ಒಂದು ತತ್ತ್ವವಿದೆ: ಒಂದು ಬಗೆಯ ಕಥೆಯಲ್ಲಿ ಬಂದೇ ಬರಬೇಕಾದ ಸನ್ನಿವೇಶಗಳ ಮೇಲೆ ಯಾರಿಗೂ ಒಡೆತನವಿಲ್ಲ. ಅಯ್ಯೋ, ಇದು ನಮ್ಮ ಅಷ್ಟಾದಶ ವರ್ಣನೆಯಲ್ಲವೇ! ಮಹಾಕಾವ್ಯವೆಂದ ಮೇಲೆ ಸಮುದ್ರ, ಪರ್ವತ, ಪುರ, ಚಂದ್ರೋದಯ ಬರಲೇಬೇಕು. ಚಂದ್ರೋದಯ ಬರೆದನೆಂದು ಒಬ್ಬ ಕವಿ ಇನ್ನೊಬ್ಬನ ಮೇಲೆ ಹರಿಹಾಯ್ದದ್ದುಂಟೇ? ಸ್ವಿಚ್ಚಿಗೂ ಅಲಂಕಾರಶಾಸ್ತ್ರ ಬೇಕಾಯಿತು ನೋಡಿ ಎಂದು ಮೀಟಿಂಗಿನಲ್ಲಿ ಹತ್ತು ನಿಮಿಷ ಮಾತಾಡಿದೆ. ನಡಾವಳಿಯಲ್ಲಿ ಅದು ದಾಖಲಾಗಿಲ್ಲ. ಅಂದಹಾಗೆ, ಇತರ ಜಗಳಗಳೂ ಸೇರಿ 2018ರಲ್ಲಿ ರಾಜಿಯಾಗುವಾಗ ಅರಿಸ್ಟಾ ಸಿಸ್ಕೊಗೆ 40 ಕೋಟಿ ಡಾಲರ್ ಕೊಟ್ಟಿತು. ಚಂದ್ರೋದಯವೂ ಪುಕ್ಕಟೆಯಲ್ಲ.

ಸಿಸ್ಕೊ ಹುಟ್ಟಿದ್ದೂ ಒಂದು ಕ್ಯಾಂಪಸ್ಸಿನಲ್ಲೇ. ಸ್ಟ್ಯಾನ್‌ಫರ್ಡಿನ ಬೇರೆಬೇರೆ ವಿಭಾಗಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಲಿಯೊನಾರ್ಡ್ ಬೊಸಾಕ್, ಸ್ಯಾಂಡಿ ಲರ್ನರ್ ದಂಪತಿ 1984ರಲ್ಲಿ ಅದನ್ನು ಕಟ್ಟಿದರು. ಯಾವ ಕಂಪನಿಯ ಸ್ವಿಚ್ಚನ್ನಾದರೂ ಹೊರಗಿನ ಸಾಫ್ಟ್‌ವೇರಿನಿಂದ ನಡೆಸುವಂತಿರಬೇಕೆಂಬ ‘ಓಪನ್‌ಫ್ಲೋ’ ಪ್ರಬಂಧ 2008ರಲ್ಲಿ ಬಂದಾಗ ಅದರ ಮುಂದಾಳುಗಳೂ ಸ್ಟ್ಯಾನ್‌ಫರ್ಡಿನವರೇ. ಬೀಗ, ಬೀಗದಕೈ ಎರಡೂ ಒಂದೇ ಊರಿನವು. ಆ ಬಳಗದಿಂದ ಹೊರಟ ನಿಸಿರಾ ಕಂಪನಿಯನ್ನು 2012ರಲ್ಲಿ ವಿಎಂವೇರ್ ಕೊಂಡಿತು, ವಿಎಂವೇರನ್ನು 2023ರಲ್ಲಿ ಬ್ರಾಡ್‌ಕಾಮ್ ಕೊಂಡಿತು. ಇದನ್ನು ಎಚ್‌ಓಡಿ ಮೇಡಂ ಮುಂದೆ ಹೇಳಲಿಲ್ಲ. ಅವರಿಗೆ ರಕ್ತದೊತ್ತಡ ಇದೆ.

ಸರ್ಕಾರ ಇದಕ್ಕೇನನ್ನುತ್ತದೆ? ನಮ್ಮದು ಖಾಸಗಿ ಕಾಲೇಜಾದರೂ ಅಕೌಂಟ್ಸ್ ಅಧಿಕಾರಿಗೆ ಸರ್ಕಾರಿ ನಿಯಮಗಳೆಂದರೆ ಭಕ್ತಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 166ನೆಯದನ್ನು ಓದಿ ಹೇಳಿದರು. ಒಬ್ಬನಿಂದಲೇ ಟೆಂಡರ್ ಕರೆಯಲು ಅಲ್ಲಿ ಒಪ್ಪಿಕೊಂಡಿರುವ ಕಾರಣಗಳಲ್ಲಿ ಒಂದು, ಹೊಸದು ಈಗಾಗಲೇ ಇರುವ ಯಂತ್ರಗಳಿಗೆ ಹೊಂದಬೇಕೆಂಬುದು. ತಜ್ಞನೊಬ್ಬ ಸಲಹೆ ಕೊಟ್ಟು ಮೇಲಿನವರು ಒಪ್ಪಿದರೆ ಸಾಕು. ಎಂದರೆ ಮೊದಲ ಸಲ ಸಿಕ್ಕಿಬಿದ್ದವನಿಗೆ ಎರಡನೆಯ ಸಲ ಸಿಕ್ಕಿಬೀಳಲು ನಿಯಮದ ಬೆಂಬಲವಿದೆ.

ಕೊನೆಗೆ ಒಂದೇ ಕಂಪನಿಯ ಮಾಲನ್ನೇ ತೆಗೆದುಕೊಂಡೆವು. ಅಡ್ಮಿನ್ ಒಬ್ಬರೇ ಇರುವ ಕಾಲೇಜಿನಲ್ಲಿ ಎರಡು ಕಂಪನಿಗಳ ನಡುವೆ ಪಂಚಾಯ್ತಿ ಮಾಡುವವರು ಯಾರು? ಇದು ನನ್ನ ಮತವೂ ಹೌದು. ಆದರೆ ಮೇಡಂ ಹಟ ಹಿಡಿದು ಕೆಲವನ್ನು ಟೆಂಡರಿನಲ್ಲಿ ಬರೆಸಿದರು. ನೆಟ್‌ವರ್ಕಿನ ಭಾಗಗಳನ್ನು ಬೇರ್ಪಡಿಸಲು, ದಾರಿ ಹುಡುಕಲು, ಪಕ್ಕದ ಪೆಟ್ಟಿಗೆಯನ್ನು ಗುರುತಿಸಲು ಎಲ್ಲ ಕಂಪನಿಗಳೂ ಒಪ್ಪಿರುವ 802.1ಕ್ಯೂ, ಓಎಸ್‌ಪಿಎಫ್, ಎಲ್‌ಎಲ್‌ಡಿಪಿಗಳನ್ನೇ ಬಳಸಬೇಕು. ಆ ಕಂಪನಿಗೆ ಮಾತ್ರ ತಿಳಿಯುವ ಒಳಗುಟ್ಟಿನ ವಿಧಾನಗಳನ್ನು ಆನ್ ಮಾಡಕೂಡದು. ಬೇರೆಯವರ ಎಸ್‌ಎಫ್‌ಪಿ ಹಾಕಿದರೆ ವಾರಂಟಿ ಹೋಗಕೂಡದು. ಕೊನೆಯದಕ್ಕೆ ಇಬ್ಬರು ಸೇಲ್ಸ್‌ನವರು ಟೆಂಡರಿನಿಂದಲೇ ಹಿಂದೆ ಸರಿದರು.

ನೀವೂ ಇಂಥ ಸಮಿತಿಗೆ ಸಿಕ್ಕಿದ್ದರೆ ಒಂದು ವಿನಂತಿ. ಕ್ಲೌಡಿನಿಂದ ನಡೆಯುವ ಕೆಲವು ಸ್ವಿಚ್ಚು, ವೈಫೈಗಳು ಲೈಸೆನ್ಸ್ ಮುಗಿದು ಒಂದಷ್ಟು ದಿನಕ್ಕೆ ಕೆಲಸವನ್ನೇ ನಿಲ್ಲಿಸುತ್ತವೆ. ಪೆಟ್ಟಿಗೆ ನಿಮ್ಮದೇ, ದುಡ್ಡು ಕೊಟ್ಟದ್ದೂ ನೀವೇ. ಲೈಸೆನ್ಸ್ ಮುಗಿದ ಮೇಲೆ ಏನೇನು ನಡೆಯುತ್ತದೆ, ಏನೇನು ನಿಲ್ಲುತ್ತದೆ ಎಂದು ರೇಟು ಚೌಕಾಸಿ ಮಾಡುವ ಮೊದಲೇ ಕೇಳಿ. ಸೇಲ್ಸ್‌ನವರ ಬಾಯಿಮಾತಿನಲ್ಲಿ ಬೇಡ. ಕಂಪನಿಯ ಲೆಟರ್‌ಹೆಡ್ ಮೇಲೆ, ಸಹಿ, ಸೀಲು ಸಮೇತ ಬರೆಸಿಕೊಳ್ಳಿ.